ಗಾಂಧಾರಿಯ ತೂಕ

ಎಲ್ಲರ ಬಾಯಲ್ಲೂ ಒಂದೇ: ನಾಯಿಗೆ ಅನ್ನ ಹಾಕುವುದಿಲ್ಲವಾ?
ಹಾಲಿನ ಡೈರಿಯ ಮುಂದೆ ರೋಸಿ ಟೀಚರ್,
ತೋಡಿನಾಚೆಯಿಂದ ಕೂಗಿ ತಮ್ಮಯ್ಯ ಮಾವ.
ಅವರ ಸೀಸರ್ ಜೀಪು ಹತ್ತಬೇಕಾದರೆ
ಹಿಂದಿನಿಂದ ಒಬ್ಬರು ತಳ್ಳಬೇಕು.

ಇವಳಿಗೆ ಹದಿನಾಲ್ಕು ತಿಂಗಳು. ಕೆಂಚು ಮೈ, ಮೊನಚು ಮೂತಿ.
ಮರಿಯಾಗಿದ್ದಾಗ ಗಾಂಧಾರಿ ಮೆಣಸಿನ ಹಾಗೆ
ಚಿಕ್ಕದು, ಖಾರ. ಹೆಸರು ಅಲ್ಲಿಂದ ಬಂತು.
ನಾನು ಕಣದಲ್ಲಿ ಕರಿಮೆಣಸು ಹರಡುವಷ್ಟರಲ್ಲಿ
ಗೇಟಿನಿಂದ ಕೆರೆಗೆ, ಕೆರೆಯಿಂದ ಗೇಟಿಗೆ,
ಮಂಗಗಳನ್ನು ಸಿಲ್ವರ್ ಓಕಿಗೆ ಹತ್ತಿಸಿ ಇಳಿಯಗೊಡದೆ,
ಹರಡಿದ್ದರ ಮೇಲೆಯೇ ಹಾದು ಮತ್ತೆ ಕೆರೆಗೆ.
ಇಂಥವಳ ಮೈಮೇಲೆ ಕೊಬ್ಬು ಯಾವಾಗ ಕೂರಬೇಕು?
ಅವಳೇ ಕೂರುವುದಿಲ್ಲ.

ಆದರೂ ಮಾತು ಮುಳ್ಳು.
ರಾತ್ರಿ ಒಂದು ಸೌಟು ಹೆಚ್ಚು ಬಡಿಸಿದೆ. ಮಾರನೆಯ ದಿನ ಇನ್ನೊಂದು.
ಬಿಸಿಲಿಗೆ ನಿಂತು ಮೈಮುರಿದರೆ
ಪಕ್ಕೆಯ ಕೊನೆಯೆರಡು ಗೆರೆ ಆಗಲೂ ಕಂಡವು.

ಸಿದ್ದಾಪುರಕ್ಕೆ ಮೆಣಸು ಒಯ್ದ ದಿನ ಅವಳನ್ನೂ ಒಯ್ದೆ.
ಉಸ್ಮಾನ್ ಕಾಕನ ತಕ್ಕಡಿಯ ಮೇಲೆ ಅವಳು ನಿಲ್ಲಲೊಲ್ಲಳು.
ಎತ್ತಿಕೊಂಡು ನಾನೇ ಹತ್ತಿದೆ: ಎಪ್ಪತ್ತೈದು ನಾನೂರು.
ಇಳಿಸಿ ಹತ್ತಿದೆ: ಐವತ್ತೆಂಟು ಒಂಬೈನೂರು.
ನನ್ನನ್ನು ಕಳೆದರೆ ಉಳಿಯುವುದು ಗಾಂಧಾರಿ,
ಹದಿನಾರೂವರೆ. ಕಾಕ ರಟ್ಟಿನ ಮೇಲೆ ಬರೆದುಕೊಟ್ಟರು.
ಹೆಚ್ಚೋ, ಕಮ್ಮಿಯೋ? ಎಂದೆ.
ಅವರು ನನ್ನ ಚೀಲಕ್ಕೆ ಕೈಹಾಕಿ, ಹಿಡಿ ಮೆಣಸೆತ್ತಿ,
ಅಂಗೈಯಲ್ಲಿ ಹೊರಳಿಸಿ, ಒಂದು ಕಾಳು ಕಡಿದು,
"ತೇವ ಕುಡಿದದ್ದೂ ತೂಗುತ್ತದಲ್ಲ ಅಕ್ಕಾ,
ತಕ್ಕಡಿಗೇನು ಗೊತ್ತು?"
ಕಿಲೋಗೆ ಎಂಟು ರೂಪಾಯಿ ಇಳಿಸಿದ್ದೂ ಆಗಲೇ.

ದನದಾಸ್ಪತ್ರೆಯಲ್ಲಿ ಡಾಕ್ಟರ್ ದೇಚಕ್ಕ
ರಟ್ಟನ್ನು ಪಕ್ಕಕ್ಕಿಟ್ಟು ನನ್ನ ಕೈ ಕೇಳಿದರು.
"ಮುಷ್ಟಿ ಕಟ್ಟಿ. ಗೆಣ್ಣುಗಳ ಮೇಲೆ ಬೆರಳಾಡಿಸಿ.
ಪಕ್ಕೆ ಹೀಗೆ ಸಿಕ್ಕಿದರೆ ನಾಯಿ ಹಸಿದಿದೆ.
ಬಿಚ್ಚಿ, ಹೆಬ್ಬೆರಳ ಬುಡದ ಮೆತ್ತೆ ಒತ್ತಿ.
ಹೀಗಿದ್ದರೆ ತಮ್ಮಯ್ಯನವರ ಸೀಸರ್.
ಈಗ ಕೈ ಮಗುಚಿ, ಬೆರಳು ಚಾಚಿ, ಹಿಂಗೈ ಸವರಿ.
ಎಲುಬು ಇದೆ, ಎದ್ದು ನಿಂತಿಲ್ಲ, ಮೇಲೊಂದು ತೆಳು ಹೊದಿಕೆ.
ಇದು ಹದ.
ಇನ್ನು ಕಣ್ಣು ಮುಚ್ಚಿ ಅವಳನ್ನು ಮುಟ್ಟಿ."

ಮುಚ್ಚಿದೆ. ಹೆಸರಿನ ಇನ್ನೊಬ್ಬಳು ಆಗ ನೆನಪಾದಳು,
ಪಟ್ಟಿ ಕಟ್ಟಿಕೊಂಡ ಆ ರಾಣಿ.
ನೂರು ಬೆನ್ನುಗಳನ್ನು ತಡವುತ್ತ
ಯಾರು ಸೊರಗಿದ, ಯಾರು ಉಂಡು ಬಂದ,
ಕೇಳದೆಯೇ ತಿಳಿಯುತ್ತಿದ್ದಳೇನೋ.
ಬೆರಳ ಕೆಳಗೆ ಬಿಸಿ ಚರ್ಮ ಜಾರಿತು. ಅದರಡಿ
ಒಂದು, ಎರಡು, ಮೂರು,
ಒತ್ತದೆಯೇ ಸಿಕ್ಕವು, ನನ್ನ ಹಿಂಗೈಯಂತೆಯೇ.

ಕಣ್ಣು ತೆರೆಸಿ, ಮೇಲಿನಿಂದ ನೋಡಿ ಎಂದರು: ದುಡಿಯ ನಡು.
ಬಗಲಿನಿಂದ ನೋಡಿ: ಎದೆಯಿಂದ ತೊಡೆಗೆ ಹೊಟ್ಟೆ
ಒಡಿಕತ್ತಿಯಂತೆ ಬಾಗಿ ಮೇಲೇರಿತ್ತು.
"ಆ ಎರಡನೆಯ ಸೌಟು ನಿಲ್ಲಿಸಿ. ಮೊದಲನೆಯದು ಇರಲಿ, ಓಡುವವಳು."

ಓಡುವವಳು.
ಕಾಲೇಜಿನಲ್ಲಿ ನಾನು ರೈಟ್ ವಿಂಗ್ ಆಡುತ್ತಿದ್ದೆ.
ಮದುವೆಯೂಟದಲ್ಲಿ ಹಿಂದಿನಿಂದ ಕೈಗಳು ಬಂದು
ಕೇಳದೆ ಕಡುಂಬಿಟ್ಟು ಇಟ್ಟು ಹೋಗುತ್ತಿದ್ದವು,
ಕಡ್ಡಿ, ಯಾರು ಕಟ್ಟಿಕೊಳ್ಳುತ್ತಾರೆ ಎಂದು.
ಬೆನ್ನ ಮೇಲೆ ಕೈಯಿಟ್ಟು ನೋಡಿದವರು ಯಾರೂ ಇಲ್ಲ.

ರಾತ್ರಿ ಕರೆಂಟು ಹೋಗಿದೆ.
ಗೋಣಿಯ ಮೇಲೆ ಅವಳು, ಪಕ್ಕದಲ್ಲಿ ನಾನು.
ಹದಿಮೂರು ಇರಬೇಕಂತೆ ಒಂದು ಬದಿಗೆ.
ಎಣಿಸುತ್ತೇನೆ, ಉಸಿರಿಗೆ ಏರಿ ಇಳಿಯುವುದನ್ನು.
ಒಂಬತ್ತಕ್ಕೆ ಬರುವಾಗ ಕನಸಿನಲ್ಲಿ ಮಂಗನ ಕಂಡು
ನಾಲ್ಕೂ ಕಾಲು ಓಡಿಸಿ ಮಗ್ಗುಲಾಗುತ್ತಾಳೆ.
ಮತ್ತೆ ಒಂದರಿಂದ.