ಇಪ್ಪತ್ತೈದು ಮೀಟರ್

ತಪಕೀರ ಗಲ್ಲಿ ಎಂದು ಹೆಸರು. ತಪಕೀರು ಮಾರುವವರು ಈಗಿಲ್ಲ.
ಹಾಡುಹಗಲೇ ಸಾವಿರ ದೀಪ ಉರಿಯುತ್ತವೆ,
ಯಾರಿಗೂ ಬೆಳಕು ಬೇಕಾಗಿಲ್ಲ, ಬೆಲೆ ಬೇಕು.
ಮೂರನೇ ಅಂಗಡಿಯ ಮೆಟ್ಟಿಲಲ್ಲಿ ಸಾಳ್ವೆ ಕೈಚೀಲ ಇಳಿಸಿದಳು:
ಕೇಬಲ್ ಬೇಕು. ಕಂಬದಿಂದ ವ್ಯಾನಿನ ತನಕ.

ಎಂಥ ವ್ಯಾನು? ಓಸ್ವಾಲ್ ಕನ್ನಡಕ ಹಣೆಗೇರಿಸಿದ.
ಮಲಗುವಂಥದ್ದು, ಎಂದೆ.
ನಮ್ಮಿಬ್ಬರ ನರೆಗೂದಲು ನೋಡಿದ,
ಮತ್ತೇನೂ ಕೇಳದೆ ಏಣಿ ಹತ್ತಿದ.

ಹರಾಜಿನಲ್ಲಿ ಕೊಂಡ ಆಂಬುಲೆನ್ಸು ಅದು, ಅವನಿಗೆ ಹೇಳಲಿಲ್ಲ.
ಒಳಗೀಗ ಎರಡು ಹಾಸಿಗೆ, ಮೊಣಕಾಲೆತ್ತರದ ಫ್ರಿಜ್ಜು,
ಒಂದು ಫ್ಯಾನು, ಸಾಳ್ವೆಯ ಚಹದ ಕೆಟಲು.
ಮುಂದಿನ ಕೆಂಪಕ್ಷರ ಕೆರೆಸಿ ಬಣ್ಣ ಹೊಡೆಸಿದರೂ
ಬಿಸಿಲು ಓರೆಯಾದಾಗ ಮೂಡುತ್ತವೆ,
ತಿರುಗುಮುರುಗು, ಯಾರಿಗೋ ದಾರಿ ಬಿಡಿ ಎನ್ನುತ್ತ.

ಮೊದಲು ಇಳಿಸಿದ್ದು ತೆಳ್ಳನೆಯ ಬಿಳಿ ವಯರು,
ಗಣಪತಿ ಮಂಟಪಕ್ಕೆ ಸುತ್ತುವಂಥದ್ದು.
ಎರಡು ಬೆರಳಲ್ಲಿ ಒತ್ತಿ ನೋಡಿದೆ.
ಮೂವತ್ನಾಲ್ಕು ವರ್ಷ ಪರರ ಮುಂಗೈಯಲ್ಲಿ ನರ ಹುಡುಕಿದ ಬೆರಳು:
ಇದು ತಡೆಯೋದಿಲ್ಲ, ಅಂದವು.

ಆಮೇಲೆ ಬಂತು ಎರಡೂವರೆಯದು,
ಮೇಲೆ ದಪ್ಪ ರಬ್ಬರು, ಒಳಗೆ ಮೂರು ಎಳೆ.
ಓಸ್ವಾಲ್ ತುದಿ ಸುಲಿದು ಬಿಡಿಸಿ ತೋರಿಸಿದ.
ಕೆಂಪು ತರುತ್ತದೆ, ಕಪ್ಪು ಒಯ್ಯುತ್ತದೆ.
ಹಸಿರು?
ಅದು ಏನೂ ಮಾಡೋದಿಲ್ಲ ಬಾಯಿ, ಆಯುಷ್ಯವೆಲ್ಲ ಸುಮ್ಮನಿರುತ್ತದೆ.
ಒಂದೇ ಒಂದು ದಿನ ಬೇಕಾಗುತ್ತದೆ.
ಆ ದಿನ ಅದು ಇಲ್ಲದಿದ್ದರೆ ನೀವಿರೋದಿಲ್ಲ.
ನೈಟ್ ಡ್ಯೂಟಿಯವಳು, ಎಂದಳು ಸಾಳ್ವೆ.
ನಾವಿಬ್ಬರೇ ನಕ್ಕೆವು.

ಎಷ್ಟುದ್ದ?
ಹತ್ತು, ಎಂದಳು.
ಇಡೀ ನೌಕರಿ ಕ್ವಾರ್ಟರ್ಸಿನಿಂದ ವಾರ್ಡಿಗೆ,
ವಾರ್ಡಿನಿಂದ ಚರ್ಚಿಗೆ ನಡೆದವಳು.
ನಾನು ಹದಿನೆಂಟಕ್ಕೆ ಟ್ರಂಕು ಹೊತ್ತು ನಿಪ್ಪಾಣಿಯ ಬಸ್ಸು ಹತ್ತಿದವಳು,
ಐವತ್ತು, ಎಂದೆ.
ಬೇಡ, ಎಂದ ಓಸ್ವಾಲ್. ಅಷ್ಟು ದೂರ ಹೋದರೆ
ತುದಿ ಮುಟ್ಟುವಷ್ಟರಲ್ಲಿ ಕರೆಂಟೂ ದಣಿದಿರುತ್ತದೆ.
ಇಪ್ಪತ್ತೈದು ಒಯ್ಯಿರಿ, ಎಲ್ಲ ಕಡೆ ನಡೆಯುತ್ತದೆ.

ಬಣ್ಣಕ್ಕೆ ಜಗಳ ಬಂತು. ಕಪ್ಪು ಕೊಳೆ ಕಾಣೋದಿಲ್ಲ, ಅವಳದು.
ಕತ್ತಲಲ್ಲಿ ಎಡವುವುದು ನೀನೇ, ನನ್ನದು.
ಕಿತ್ತಳೆ ಗೆದ್ದಿತು.
ಬೆಲೆ ಕೇಳಿ ಸಾಳ್ವೆ ಯೇಸುವನ್ನು ಕರೆದಳು, ಇನ್ನೂರು ಬಿಟ್ಟ.

ಹೊರಡುವಾಗ ಓಸ್ವಾಲ್ ಟೇಬಲ್ಲಿನಡಿಯಿಂದ ಏನೋ ಎಳೆದ.
ಕೇಬಲ್ ಸುತ್ತಿದ ಗಾಲಿ. ಗಾಲಿ ಅಲ್ಲ, ಕರಗಿ ಗಟ್ಟಿಯಾದ ಮುದ್ದೆ,
ಸುತ್ತಿಗೆ ಸುತ್ತು ಅಂಟಿ ಒಂದೇ ಆಗಿತ್ತು.
ಪವನಾ ಕೆರೆಗೆ ಹೋದ ಹುಡುಗರದು. ಎರಡು ಮೀಟರ್ ಎಳೆದರಂತೆ,
ಉಳಿದದ್ದು ಸುತ್ತಿದಂತೆಯೇ ಬಿಟ್ಟು ಹೀಟರ್ ಹಚ್ಚಿದರಂತೆ.
ಪೂರ್ತಿ ಬಿಚ್ಚಬೇಕು ಬಾಯಿ. ಒಂದು ಮೀಟರ್ ಬೇಕಿದ್ದರೂ ಪೂರ್ತಿ.
ಸುತ್ತಿಟ್ಟದ್ದು ಒಳಗೊಳಗೇ ಕಾಯುತ್ತದೆ.

ನಾನು ಮೂಗಿಗೆ ಸೆರಗು ಹಿಡಿದೆ.
ಸಾಳ್ವೆ ಹಿಡಿಯಲಿಲ್ಲ. ಬರ್ನ್ಸ್ ವಾರ್ಡಿನವಳು.
ಬಗ್ಗಿ ಆ ಮುದ್ದೆಯ ಬೆನ್ನ ಮೇಲೆ ಸ್ವಲ್ಪ ಹೊತ್ತು ಕೈಯಿಟ್ಟಳು.
ಹುಡುಗರು? ಎಂದಳು.
ಬದುಕಿದ್ದಾರೆ, ಬದುಕಿದ್ದಾರೆ.

ಪಾನಶೇತಿನಲ್ಲಿ ಕಂಬ ಹದಿನಾಲ್ಕು ಹೆಜ್ಜೆಗೇ ಸಿಕ್ಕಿತು.
ಆದರೂ ಪೂರ್ತಿ ಬಿಚ್ಚಿದೆವು.
ಹೆಚ್ಚಿನದ್ದನ್ನು ಹುಲ್ಲಿನ ಮೇಲೆ ಅಂಕುಡೊಂಕು ಹಾಸಿದೆವು, ನಾಯಿಯೊಂದು ಸುತ್ತು ಬಳಸಿ ಹೋಯಿತು.
ಮೊದಲು ವ್ಯಾನಿಗೆ, ಆಮೇಲೆ ಕಂಬಕ್ಕೆ.
ಕಾವಲಿನ ಹುಡುಗ ಭಿವಾ ಸ್ವಿಚ್ಚು ಒತ್ತಿದ.
ಫ್ರಿಜ್ಜು ಗಂಟಲು ಸರಿಮಾಡಿಕೊಂಡಿತು. ಫ್ಯಾನು ತಿರುಗಿತು.
ಸ್ಟ್ರೆಚರ್ ನಿಲ್ಲುತ್ತಿದ್ದ ಜಾಗದಲ್ಲಿ ಕೂತು ಚಹ ಕುಡಿದೆವು.

ರಾತ್ರಿ ಎರಡಕ್ಕೆ ಎಚ್ಚರ. ಅದು ರೌಂಡಿನ ಹೊತ್ತು,
ನಿವೃತ್ತಿ ಅದಕ್ಕೆ ಗೊತ್ತಿಲ್ಲ.
ಪಕ್ಕದ ಹಾಸಿಗೆ ಖಾಲಿ, ಬಾಗಿಲು ತೆರೆದಿದೆ,
ಹೊರಗೆ ಟಾರ್ಚಿನ ಬೆಳಕು ನೆಲದ ಮೇಲೆ.
ಸಾಳ್ವೆ ಹುಲ್ಲಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾಳೆ,
ಕಿತ್ತಳೆ ಕೇಬಲ್ಲಿಗೆ ಮುಂಗೈಯ ಹಿಂಬದಿ ತಾಗಿಸಿ,
ಮಕ್ಕಳ ಜ್ವರ ನೋಡುವ ಹಾಗೆ.

ತಣ್ಣಗಿದೆ, ಎಂದಳು. ನೀ ಮಲಗು.