ಸೊನ್ನೆ

ನಲ್ಲಿಗೆ ಕಾವೇರಿ ಬರುವುದು ದಿನ ಬಿಟ್ಟು ದಿನ,
ನಸುಕಿನ ನಾಲ್ಕೂವರೆಗೆ.
ಮೊದಲು ಗಾಳಿ ಕೆಮ್ಮುತ್ತದೆ, ಆಮೇಲೆ ನದಿ.
ಬಕೆಟ್ಟು ತುಂಬುವ ತನಕ ಕೂತು ಕೇಳುತ್ತೇನೆ:
ಅಷ್ಟು ದೂರ ಏರಿ ಬಂದಿದೆ,
ಮೀನುಗಳನ್ನು ಕೆಳಗೇ ಬಿಟ್ಟು.

ಮೂವತ್ತೊಂದು ವರ್ಷ ಹುರುಪೆ ಎಣಿಸಿದೆ.
ಕಿವಿರಿನಿಂದ ಬಾಲದವರೆಗೆ, ಪಕ್ಕೆಯ ಗೆರೆಗುಂಟ
ಇಪ್ಪತ್ತಮೂರೋ ಇಪ್ಪತ್ತನಾಲ್ಕೋ,
ಒಂದು ತಪ್ಪಿದರೆ ಕುಲವೇ ಬೇರೆ.
ಸೀರೆಗೆ ಹತ್ತಿದ ಫಾರ್ಮಾಲಿನ್ ವಾಸನೆಗೆ
ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಸದಾ ಖಾಲಿ.

ಕೆಂಗೇರಿ ಸೇತುವೆಯ ಕೆಳಗೆ, ವೃಷಭಾವತಿಯಲ್ಲಿ
ಬಲೆ ಬೀಸಿದವನು ಮುನಿಚೌಡಪ್ಪ.
‘ನಮ್ಮಪ್ಪ ಇಲ್ಲೇ ಕೊರವ ಹಿಡೀತಿದ್ದ, ಮೇಡಂ.’
ಎಳೆದರೆ ನೊರೆ, ಒಂಟಿ ಚಪ್ಪಲಿ,
ಯಾರದೋ ಲಗ್ನಪತ್ರಿಕೆ.
‘ಇದನ್ನ ಬರೀಬೇಡಿ’ ಎಂದ,
ತನ್ನ ಮನೆಯ ಮಾನ ಹೋದವನಂತೆ.
ಬರೆದೆ: ತಾರೀಖು, ನೀರಿನ ಬಿಸಿ, ಬಲೆಯ ಕಣ್ಣಿನ ಅಳತೆ.
ಮೀನು: ಸೊನ್ನೆ.

ನಿವೃತ್ತಿಯ ದಿನ ಹಾರದ ಜೊತೆ ಕೊಟ್ಟರು
ಗಾಜಿನ ತೊಟ್ಟಿ, ಎರಡು ಚಿನ್ನದ ಮೀನು.
ನನ್ನ ಯಾವ ಹೊಳೆಯೂ ಅವಕ್ಕೆ ಗೊತ್ತಿಲ್ಲ.
ಆದರೂ ಕಾವೇರಿಯನ್ನೇ ಹಾಕುತ್ತೇನೆ,
ಕ್ಲೋರಿನ್ ಹಾರಲೆಂದು
ರಾತ್ರಿಯಿಡೀ ಬಕೆಟ್ಟು ತೆರೆದಿಟ್ಟು.
ಅದರ ಪಕ್ಕ ನಾನೂ
ಎದ್ದು ಕೂರಬೇಕಾಗಿಲ್ಲ, ಗೊತ್ತು.