ಗಸಿ

ಮೂವತ್ತೊಂದು ವರ್ಷ ನೀನು ಬಳಿದು ಬಳಿದು ಹೊರಹಾಕಿದ್ದು
ಇದೇ ಅಲ್ಲವೇ, ಅನ್ಸೆಲ್ಮೊ?
ಸಾನ್ ಲೊರೆನ್ಸೊದ ಕಾರ್ಖಾನೆಯಲ್ಲಿ
ಸೋಯಾ ಎಣ್ಣೆಗೆ ಬಿಸಿನೀರು ಬೆರೆಸಿ ಗರಗರ ತಿರುಗಿಸಿದರೆ
ಬೇರೆಯಾಗುತ್ತಿದ್ದ ಕಂದು ಗಸಿ;
ಬೂಟಿಗೆ ಅಂಟಿ, ಉಗುರಿಗೆ ಅಂಟಿ,
ನನ್ನ ತವರಿನ ಹೊದಿಕೆಗೂ ಅಂಟಿ
ಯಾವ ಸೋಪಿಗೂ ಬಗ್ಗದ ಜಿಗುಟು.

ಇವತ್ತು ಅದು ಗಾಜಿನ ಡಬ್ಬಿಯಲ್ಲಿ ಕೂತು
ನಮ್ಮ ಮನೆಗೇ ವಾಪಸು ಬಂದಿದೆ:
ನವಣೆಯಷ್ಟು ಸಣ್ಣ ಹಳದಿ ಹರಳು,
ಮೇಲೊಂದು ಹಸಿರೆಲೆಯ ಚಿತ್ರ, ಲೆಸಿಥಿನ್ ಎಂಬ ಹೆಸರು,
ನಿನ್ನ ಪಿಂಚಣಿಯ ಎರಡು ದಿನದ ಬೆಲೆ.
ನೀನು ನಕ್ಕೆ. ಕೆಮ್ಮು ಬರುವವರೆಗೂ ನಕ್ಕೆ.
"ಆಗ ಇದನ್ನು ಹಂದಿಯ ಮೇವಿಗೆ ಸುರಿಯುತ್ತಿದ್ದೆವು, ಮಿರ್ತಾ.
ಆ ಹಂದಿಗಳ ಲಿವರ್ ನೋಡಬೇಕಿತ್ತು ನೀನು!"

ನಿನ್ನದನ್ನು ನೋಡಿದೆ.
ಡಾಕ್ಟರ್ ಸ್ಪಿನೆಟ್ಟಿ ಪರದೆ ತಿರುಗಿಸಿ ತೋರಿಸಿದಳು.
ಬೆಳ್ಳಗೆ ಹೊಳೆಯುತ್ತಿತ್ತು.
ನಾನು ಪೆದ್ದಿ, ಹೊಳಪು ಕಂಡು ಸಮಾಧಾನಪಟ್ಟೆ.
ಕೊಬ್ಬು, ಎಂದಳು.
ಹಗಲೆಲ್ಲ ಒಂದು ಎಣ್ಣೆ, ರಾತ್ರಿಯೆಲ್ಲ ಇನ್ನೊಂದು ಎಣ್ಣೆ;
ಎರಡನೆಯದರ ಲೆಕ್ಕ ಕಂಪನಿಯ ಪುಸ್ತಕದಲ್ಲಿರಲಿಲ್ಲ.
ನನ್ನ ಹತ್ತಿರ ಇತ್ತು.

ನೆನಪಿದೆಯೇ, ಪರಾನಾ ನದಿ ಸೊರಗಿ
ಮರಳಿನ ಬೆನ್ನು ಮೇಲೆದ್ದ ವರ್ಷ?
ಹಡಗುಗಳು ಅರೆಹೊಟ್ಟೆಯಲ್ಲೇ ಹೊರಟವು.
ತೊಟ್ಟಿಯಲ್ಲಿ ಎಣ್ಣೆ, ಕೊಳವೆಯಲ್ಲಿ ಎಣ್ಣೆ,
ಹೆದ್ದಾರಿಯುದ್ದಕ್ಕೂ ಲಾರಿಗಳು ನಿಂತು
ಡ್ರೈವರುಗಳು ಚಕ್ರದ ನೆರಳಲ್ಲಿ ಮಾಂಸ ಸುಟ್ಟರು.
ಯಕೃತ್ತೂ ಬಂದರೇ ಅಂತೆ.
ಕೊಬ್ಬು ಹೊರಗೆ ಸಾಗಲು ಅದಕ್ಕೂ ದೋಣಿ ಬೇಕಂತೆ,
ಕೋಲಿನ್ ಸಾಲದಿದ್ದರೆ ದೋಣಿಯ ಹಲಗೆ ಕೂಡುವುದಿಲ್ಲವಂತೆ.
ಆ ಕೋಲಿನ್ ಇರುವುದು ಈ ಗಸಿಯ ತಲೆಯಲ್ಲಿ:
ತಲೆ ನೀರಿನ ಕಡೆ, ಜೋಡಿ ಬಾಲ ಎಣ್ಣೆಯ ಕಡೆ,
ಎಣ್ಣೆ ಸೀಗೆಕಾಯಿಯಂಥವರನ್ನೂ
ಒಂದೇ ಬಟ್ಟಲಲ್ಲಿ ಕೂರಿಸುವ ಪಂಚಾಯ್ತಿದಾರ.

ನಮ್ಮಿಬ್ಬರ ನಡುವೆ ಯಾರಿದ್ದರು?
ಒಂದು ಮೇಜು. ಅದರ ಮೇಲೆ ಉಪ್ಪಿನ ಡಬ್ಬಿ.

ಗುಣವಾಗುತ್ತದೆಯೇ, ಕೇಳಿದೆ.
ಡಾಕ್ಟರ್ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು.
ಗೊತ್ತಿಲ್ಲ ಅಮ್ಮ, ಎಂದಳು. ಆಣೆ ಇಟ್ಟು ಹೇಳಲಾರೆ.
ಬೇಕಿದ್ದರೆ ಕೊಡಿ, ದಿನಕ್ಕೊಂದು ಚಮಚ;
ಮೊಟ್ಟೆಯ ಹಳದಿಯಲ್ಲೂ ಇರುವುದು ಇದೇ.
ಆದರೆ ಮೊದಲು ಸೀಸೆ.

ಮೊಟ್ಟೆಯ ಹಳದಿ!
ಮದುವೆಯಾದಾಗಿನಿಂದ ಪ್ರತಿ ಭಾನುವಾರ
ಚಾಕುವಿನ ತುದಿಯಲ್ಲಿ ಬಿಡಿಸಿ, ಒಡೆಯದಂತೆ,
ನನ್ನ ತಟ್ಟೆಗೆ ದಾಟಿಸುತ್ತಿದ್ದೆ ನೀನು.
ಕುಡಿದ ಮರುದಿನವೂ. ಕೈ ನಡುಗುತ್ತಿದ್ದಾಗಲೂ.
ಯಾಕೆಂದು ನಾನು ಕೇಳಲಿಲ್ಲ.
ನಿನಗೆ ಸೇರುವುದಿಲ್ಲ ಎಂದೇ ತಿಳಿದಿದ್ದೆ.

ಈ ಭಾನುವಾರ ನನ್ನ ಪಾಲಿನದನ್ನೂ ನಿನ್ನ ತಟ್ಟೆಗೇ ಹಾಕಿದೆ.
ನೀನು ತಲೆ ಎತ್ತಲಿಲ್ಲ.
ಬ್ರೆಡ್ಡಿನ ತುಂಡಿನಿಂದ ತಟ್ಟೆಯನ್ನು ಒರೆಸಿ ಒರೆಸಿ
ತಿಂದೆ, ಎಂಥ ಆಸೆಯಿಂದ!

ಮೊಸರಿನ ಮೇಲೆ ಹರಳು ಉದುರಿಸಿದ್ದೇನೆ,
ಬೇಗ ತಿನ್ನು, ಮೆತ್ತಗಾದರೆ ಹಲ್ಲಿಗೆ ಹಿಡಿಯುತ್ತದೆ.
ಮೀಸೆಗೆ ಅಂಟಿದ್ದನ್ನು ಹೆಬ್ಬೆರಳಲ್ಲಿ ಒರೆಸಿದೆ;
ಅದೇ ಜಿಗುಟು, ಹಳೆಯ ಹೊದಿಕೆಯದು.
ಹಿಟ್ಟಿನ ಡಬ್ಬದ ಹಿಂದೆ ಫೆರ್ನೆಟ್ ಸೀಸೆ ಇದೆ.
ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೇನೆ, ನಿನಗೂ ಗೊತ್ತು.
ಹನ್ನೊಂದು ದಿನವಾಯಿತು,
ಗೆರೆ ಇದ್ದಲ್ಲೇ ಇದೆ.
ಹನ್ನೆರಡನೆಯದು ಇವತ್ತು. ಬಾಯಿ ತೆರೆ.